ತೊಗರಿ ಹೊಲದ ಹಕ್ಕಿ ಹಿಡಿಯಲು ಎಂಥ ಲೆನ್ಸ್ ಬೇಕು?

ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹೊಲದ ತುಂಬ ಹಕ್ಕಿಗಳು. ಬಹಳ ಜನ ಎಲ್ಲವನ್ನೂ ಒಂದೇ ಸಮ ಓಡಿಸ್ತಾರೆ. ಆದರೆ ಕಾಜಾಣ ಬರೋದು ಕಾಳಿಗಲ್ಲ, ಹುಳಕ್ಕೆ. ಅದು ಕೂತು ಕಾಯಿಕೊರಕ ಹುಳ ಹೆಕ್ಕಲಿ ಅಂತಲೇ ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲು ನೆಡಿ ಅಂತ ಕೃಷಿ ತಜ್ಞರು ಹೇಳೋದು. ಗಿಳಿ ಹಿಂಡಿನ ಕತೆ ಬೇರೆ ಬಿಡಿ. ಯಾವ ಹಕ್ಕಿಯ ಕೊಕ್ಕಿನಲ್ಲಿ ಏನಿದೆ ಅಂತ ಕಂಡರೆ ಯಾರನ್ನು ಓಡಿಸಬೇಕು, ಯಾರನ್ನು ಬಿಡಬೇಕು ಅನ್ನೋದು ತಿಳಿಯುತ್ತೆ.

ಸಾಮಾನ್ಯ ಮೊಬೈಲಲ್ಲಿ ಇದು ಆಗಲ್ಲ. ಬೆರಳಲ್ಲಿ ಹಿಗ್ಗಿಸಿದಷ್ಟೂ ಚಿತ್ರ ಒಡೆಯುತ್ತೆ. ಇಪ್ಪತ್ತು ಮೀಟರ್ ಆಚೆಯ ಕಾಜಾಣ ಬರೀ ಕಪ್ಪು ಚುಕ್ಕೆ. ಮನೆಯಲ್ಲೋ ಗೆಳೆಯರ ಹತ್ತಿರವೋ ಹಳೆ ಡಿಎಸ್‌ಎಲ್‌ಆರ್ ಇದ್ದರೆ ಅದಕ್ಕೊಂದು ಟೆಲಿ ಜೂಮ್ ಸಾಕು. 150-600ರಂಥ ದೊಡ್ಡ ಲೆನ್ಸ್ ನೋಡಿ ಆಸೆ ಪಡಬೇಡಿ. ಸುಮಾರು ಎರಡು ಕೆಜಿ ತೂಕ, ಬದುವಿನ ಮೇಲೆ ಹೊತ್ತು ತಿರುಗೋರು ಯಾರು?

ಕ್ಯಾನನ್ ಬಾಡಿ ಇದ್ದರೆ ನನ್ನ ಆಯ್ಕೆ 55-250 ಐಎಸ್ ಎಸ್‌ಟಿಎಂ. 2013ರಲ್ಲಿ ಬಂದದ್ದು, ತೂಕ 375 ಗ್ರಾಂ ಅಷ್ಟೇ. ಸಣ್ಣ ಸೆನ್ಸರ್ ಬಾಡಿಯಲ್ಲಿ 250 ಅನ್ನೋದು 400ರಷ್ಟು ಹತ್ತಿರ ತೋರಿಸುತ್ತೆ. 85 ಸೆಂ.ಮೀ. ದೂರದಿಂದಲೂ ಫೋಕಸ್ ಆಗೋದರಿಂದ ಕಾಯಿ ಮೇಲಿನ ಹುಳವನ್ನೂ ಇದರಲ್ಲೇ ತೆಗೀಬಹುದು. ಇದರ ಪಕ್ಕದಲ್ಲೇ 75-300 ಕಣ್ಣಿಗೆ ಬೀಳುತ್ತೆ. 300 ಅಂದ ಕೂಡಲೇ ಮನಸ್ಸು ಅತ್ತ ಹೋಗುತ್ತೆ. ಆದರೆ ಈಗ ಸಾಮಾನ್ಯವಾಗಿ ಸಿಗೋ ಆ ಲೆನ್ಸಲ್ಲಿ ಕೈ ನಡುಕ ತಡೆಯೋ ಐಎಸ್ ಇಲ್ಲ. ಸಂಜೆ ಬೆಳಕಲ್ಲಿ ಆ ಹೆಚ್ಚಿನ 50ಕ್ಕಿಂತ ಐಎಸ್ ದೊಡ್ಡದು.

ನಿಕಾನ್‌ನವರು ಇನ್ನೂ ಹುಷಾರಾಗಿ ಕೊಳ್ಳಬೇಕು. ಎಎಫ್-ಪಿ 70-300ರಲ್ಲಿ ಎರಡು ಬಗೆ ಇವೆ. ಹೆಸರಲ್ಲಿ 'ವಿಆರ್' ಇರೋದನ್ನೇ ಕೇಳಿ. ಡಿ90, ಡಿ3100ರಂಥ ಹಳೆ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಫೋಕಸ್ಸೇ ಮಾಡಲ್ಲ. ಬಾಡಿ ಜೊತೆ ತಗೊಂಡು ಹೋಗಿ, ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳೋದಾದರೆ ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಅಗ್ಗ ಅಂದರೂ ಬೇಡ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಜೂಮ್ ತಿರುಗಿಸುವಾಗ ಮರಳು ಸಿಕ್ಕ ಹಾಗೆ ಕರಕರ ಅನ್ನಬಾರದು.

ಕೂತ ಹಕ್ಕಿಗೆ ಶಟರ್ 1/500, ಹಾರೋ ಹಕ್ಕಿಗೆ 1/1000ಕ್ಕಿಂತ ಕೆಳಗಿಳಿಸಬೇಡಿ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ. ಚಿತ್ರ ಸ್ವಲ್ಪ ತರಿತರಿ ಆದರೂ ಕೊಕ್ಕಿನಲ್ಲಿರೋದು ಹುಳವೋ ಕಾಳೋ ಗೊತ್ತಾಗುತ್ತೆ, ಅಲುಗಿದರೆ ಅದೂ ಇಲ್ಲ. ಮಳೆಗಾಲದಲ್ಲಿ ಲೆನ್ಸನ್ನು ಚೀಲದಲ್ಲಿ ಬಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.