ಪತ್ತಿಕೊಂಡದ ಗೋಡೆಯೂ ಮೂರನೆಯ ಕೈಯೂ

ಮಂತ್ರಾಲಯಕ್ಕೆ ಹೋದ ನಮ್ಮ ಕಡೆಯವರು ಸಾಮಾನ್ಯವಾಗಿ ರಾಯರ ದರ್ಶನ ಮುಗಿಸಿ, ಪ್ರಸಾದ ಕಟ್ಟಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಕಳೆದ ಬೇಸಗೆ ರಜೆಯಲ್ಲಿ ನಾವು ಹಾಗೆ ಮಾಡಲಿಲ್ಲ. ಆದೋನಿಗೆ ಬಂದು ಅಲ್ಲಿಂದ ಆಸ್ಪರಿ ಮಾರ್ಗವಾಗಿ ಪತ್ತಿಕೊಂಡಕ್ಕೆ ಬಸ್ಸು ಹತ್ತಿದೆವು. ಆದೋನಿ ಕಡೆಯ ಕನ್ನಡ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ, ನಿವೃತ್ತರಾಗಿ ಈಗ ಪತ್ತಿಕೊಂಡದಲ್ಲಿ ನೆಲೆಸಿರುವ ಮಿತ್ರರೊಬ್ಬರು ಕರೆಯುತ್ತಲೇ ಇದ್ದರು. ಅದಲ್ಲದೆ ಆ ಊರಿನಲ್ಲಿ ನೋಡಬೇಕಾದ ಸ್ಥಳವೂ ಒಂದಿತ್ತು. ಸರ್ ಥಾಮಸ್ ಮನ್ರೋ ಕೊನೆಯುಸಿರೆಳೆದದ್ದು ಅಲ್ಲಿಯೇ.

ಮನ್ರೋ ಹೆಸರು ನಮ್ಮ ಜಿಲ್ಲೆಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ನಮ್ಮ ಕಾಸರಗೋಡು ಸೀಮೆಯೂ ಸೇರಿದ್ದ ಕೆನರಾ ಜಿಲ್ಲೆಗೆ ಕಲೆಕ್ಟರನಾಗಿ ಬಂದವನು ಅವನು. ಮರುವರ್ಷವೇ ಬಳ್ಳಾರಿ, ಕಡಪ ಮುಂತಾದ ದತ್ತ ಮಂಡಲಗಳಿಗೆ ವರ್ಗವಾಗಿ ಅಲ್ಲಿ ಏಳು ವರ್ಷ ದುಡಿದ. 1820ರಲ್ಲಿ ಮದರಾಸಿನ ಗವರ್ನರನಾದ. ಸ್ವದೇಶಕ್ಕೆ ಮರಳುವ ಮುನ್ನ ತನ್ನ ಹಳೆಯ ಸೀಮೆಯನ್ನು ಇನ್ನೊಮ್ಮೆ ನೋಡಬೇಕೆಂದು ಹೊರಟವನು, 1827ನೆಯ ಇಸವಿ ಜುಲೈ 6ರಂದು ಪತ್ತಿಕೊಂಡದ ಬೀಡಾರದಲ್ಲಿ ಕಾಲರಾ ತಗಲಿ ತೀರಿಕೊಂಡ. ಅವನ ನೆನಪಿಗಾಗಿ ಅಂದಿನ ಸರಕಾರ ಅಲ್ಲಿ ಮೆಟ್ಟಿಲುಗಳುಳ್ಳ ಕಲ್ಲುಕಟ್ಟಿನ ಬಾವಿಯೊಂದನ್ನು ಕಟ್ಟಿಸಿ, ತೋಪು ಬೆಳೆಸಿತು.

ಈ ಲೇಖನ ಬಾವಿಯ ವಿಚಾರವಾಗಿ ಇರಬೇಕಾಗಿತ್ತು. ಆದರೆ ಊರಿಗೆ ಮರಳಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಮಿತ್ರರ ಮನೆಯ ಹಿತ್ತಲ ಗೋಡೆಯಲ್ಲಿದ್ದ, ಅಥವಾ ಇರಬೇಕಾದಲ್ಲಿ ಇಲ್ಲದಿದ್ದ, ಒಂದು ಸಣ್ಣ ಕಬ್ಬಿಣದ ಬಳೆ. ಪೈಪನ್ನು ಗೋಡೆಗೆ ಹಿಡಿದು ನಿಲ್ಲಿಸುವ ಕ್ಲಾಂಪು. ಇಂಥ ಕ್ಷುಲ್ಲಕ ವಸ್ತುವಿನ ಮೇಲೆ ಲೇಖನವೇ ಎಂದು ವಾಚಕರು ಹುಬ್ಬೇರಿಸಬಾರದು. ಮುಂದೆ ಓದಿ ನೋಡಬೇಕು.

ಅಜ್ಜಿಯ ಪ್ರಶ್ನೆ

ನಾವು ಹೋದ ಮರುದಿನ ಬೆಳಗ್ಗೆ ಅಲ್ಲಿ ನೀರು ಬರುವ ಸರದಿ. ದಿನವೂ ಬರುವ ನೀರಲ್ಲ, ಬಂದಾಗ ಹಿಡಿದಿಟ್ಟುಕೊಳ್ಳಬೇಕು. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಕಾಣುವ ನಮಗೆ ಆ ಕಾತರ ಪೂರ್ತಿ ಅರ್ಥವಾಗದು. ಕರ್ನೂಲು ಜಿಲ್ಲೆಯ ಸರಾಸರಿ ಮಳೆ 700 ಮಿಲ್ಲಿಮೀಟರನ್ನೂ ಮುಟ್ಟುವುದಿಲ್ಲ.

ಎಂಬತ್ತರ ಹತ್ತಿರದ ಮಿತ್ರರ ತಾಯಿ ಹಿತ್ತಲಿನ ನಳ್ಳಿಯ ಬಳಿ ನಿಂತಿದ್ದರು. ಎಡಗೈಯಿಂದ ಪೈಪನ್ನು ಗೋಡೆಗೆ ಒತ್ತಿ ಹಿಡಿದು, ಬಲಗೈಯಿಂದ ನಳ್ಳಿ ತಿರುಗಿಸಿದರು. ಗಾಳಿಯೂ ನೀರೂ ಒಟ್ಟಿಗೆ ನುಗ್ಗಿ ಪೈಪು ಗಡಗಡನೆ ನಡುಗಿತು. ಕೊಡ ಅಲುಗಿ ಅರ್ಧ ನೀರು ಹೊರಗೆ ಹೋಯಿತು. ನಾವು ಓಡಿಹೋಗಿ ಕೊಡ ಹಿಡಿದೆವು. ಅಜ್ಜಿ ನಕ್ಕು, "ಒಂದು ಕೈ ಪೈಪಿಗೆ, ಒಂದು ಕೈ ನಳಕ್ಕ. ಕೊಡ ಹಿಡಿಯಾಕ ಮೂರನೇ ಕೈ ಎಲ್ಲಿಂದ ತರ್ಲಿ ಮೇಷ್ಟ್ರೇ?" ಎಂದರು.

ನಕ್ಕು ಹೇಳಿದ ಮಾತು ನಿಜ, ಆದರೆ ನಗುವಂಥದ್ದಲ್ಲ. ಹಿಂದಿನ ಸಲ ಅವರು ಒಬ್ಬರೇ ಇದ್ದಾಗ ಪೈಪಿನ ಮೊಣಕೈ ಜೋಡಣೆ ಸೀಳಿ, ಮುಂದಿನ ಸರದಿಯವರೆಗಿನ ನೀರೆಲ್ಲ ಚರಂಡಿ ಪಾಲಾಗಿತ್ತು. ಅದೇ ನೀರಿನಲ್ಲಿ ಕಾಲು ಜಾರಿ ಮಂಡಿಗೆ ಏಟೂ ಆಗಿತ್ತು. ಜೋಡಣೆಯನ್ನು ಅಂಟಿಸಿ, ಪೈಪನ್ನು ಬೇಲಿ ತಂತಿಯಿಂದ ಕಿಟಕಿಯ ಸರಳಿಗೆ ಕಟ್ಟಿದ್ದರು. ತಂತಿ ಪೈಪನ್ನು ತಿನ್ನತೊಡಗಿತ್ತು.

ಗೋಡೆಯ ಗುಣ

ಕ್ಲಾಂಪು ಹಾಕಿರಲಿಲ್ಲವೇ? ಹಾಕಿದ್ದರು. ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂಬುದನ್ನು ಆ ದಿನ ಮಧ್ಯಾಹ್ನ ಮಿತ್ರರೂ ನಾವೂ ಗೋಡೆಯ ಮುಂದೆ ಕುಳಿತು ಪರೀಕ್ಷಿಸಿದೆವು. ಮೂರು ಕಾರಣಗಳು ಹೊರಬಿದ್ದವು.

ಮೊದಲನೆಯದು ಗೋಡೆ. ಆ ಸೀಮೆಯ ಹಳೆಯ ಮನೆಗಳ ಗೋಡೆ ಕಾಡುಕಲ್ಲಿನದು. ಕಲ್ಲುಗಳ ನಡುವೆ ಇರುವುದು ಮಣ್ಣಿನ ಗಾರೆ. ಕಲ್ಲು ಕಗ್ಗಲ್ಲು, ಮೊಳೆ ಇಳಿಯದು. ಆದ್ದರಿಂದ ಕೆಲಸಗಾರ ಸುಲಭವಾಗಿ ಇಳಿಯುವ ಸಂದಿಗೇ ಮೊಳೆ ಹೊಡೆಯುತ್ತಾನೆ. ಸಂದಿಯ ಮಣ್ಣು ಎರಡು ಬೇಸಗೆ ಕಳೆಯುವಷ್ಟರಲ್ಲಿ ಪುಡಿಯಾಗಿ ಉದುರುತ್ತದೆ, ಮೊಳೆ ಕೈಗೆ ಬರುತ್ತದೆ. ಅಲ್ಲದೆ ಕಾಡುಕಲ್ಲಿನ ಗೋಡೆ ಸಮತಟ್ಟಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಪೈಪೋ ಲಂಬವಾಗಿ ಇಳಿಯಬೇಕು. ಗೋಡೆಗೆ ಅಂಟಿಕೊಂಡೇ ಇರುವ ಸಾಧಾರಣ ಕ್ಲಾಂಪು ಹಾಕಿದರೆ ಪೈಪು ಗೋಡೆಯ ಡೊಂಕಿಗೆ ಬಾಗಬೇಕಾಗುತ್ತದೆ. ಬಾಗಿದ ಪೈಪಿನ ಒತ್ತಡವೆಲ್ಲ ಹೋಗಿ ಕೂರುವುದು ಜೋಡಣೆಯ ಮೇಲೆ.

ಅರ್ಧ ಇಂಚಿನ ಗೊಂದಲ

ಎರಡನೆಯದು ಅಳತೆ. ಆ ಮನೆಯಲ್ಲಿ ಮೊದಲು ಇದ್ದದ್ದು ಅರ್ಧ ಇಂಚಿನ ಜಿ.ಐ. ಪೈಪು. ಅದು ತುಕ್ಕು ಹಿಡಿದ ಮೇಲೆ ಅರ್ಧ ಇಂಚಿನದೇ ಸಿ.ಪಿ.ವಿ.ಸಿ. ಪೈಪು ಹಾಕಿದರು. ಪೈಪು ಅರ್ಧ ಇಂಚು, ಕ್ಲಾಂಪೂ ಅರ್ಧ ಇಂಚು, ಹಳೆಯದೇ ಸಾಕು ಎಂದು ಹಳೆಯ ಕ್ಲಾಂಪುಗಳನ್ನೇ ಉಳಿಸಿಕೊಂಡರು. ಲೆಕ್ಕ ಸರಿಯಾಗಿಯೇ ಕಾಣುತ್ತದೆಯಲ್ಲವೇ? ಆದರೆ ಅರ್ಧ ಇಂಚು ಎಂಬುದು ಪೈಪಿನ ಹೊರಗಿನ ಅಳತೆಯಲ್ಲ; ಒಳಗಿನ ರಂಧ್ರವನ್ನು ಸುಮಾರಾಗಿ ಸೂಚಿಸುವ ಹೆಸರು ಮಾತ್ರ. ಅರ್ಧ ಇಂಚಿನ ಜಿ.ಐ. ಪೈಪಿನ ಹೊರವ್ಯಾಸ 21.3 ಮಿಲ್ಲಿಮೀಟರ್. ಅರ್ಧ ಇಂಚಿನ ಸಿ.ಪಿ.ವಿ.ಸಿ. ಪೈಪಿನದು 15.9 ಮಿಲ್ಲಿಮೀಟರ್. ವ್ಯತ್ಯಾಸ ಐದು ಮಿಲ್ಲಿಮೀಟರಿಗೂ ಹೆಚ್ಚು. ಎಂಟು ವರ್ಷದ ಮಗುವಿಗೆ ಅಪ್ಪನ ಅಂಗಿ ತೊಡಿಸಿದಂತೆ, ಕ್ಲಾಂಪಿನೊಳಗೆ ಪೈಪು ತೂಗಾಡುತ್ತಿತ್ತು. ಸಂದಿಗೆ ತುರುಕಿದ್ದ ಸೈಕಲ್ ಟ್ಯೂಬಿನ ಚೂರು ಯಾವಾಗಲೋ ಬಿದ್ದುಹೋಗಿತ್ತು.

ಬಿಸಿಲಿನ ಲೆಕ್ಕ

ಮೂರನೆಯದು ಬಿಸಿಲು. ಬಿಸಿಯಾದ ವಸ್ತು ಹಿಗ್ಗುತ್ತದೆ ಎಂದು ಪಾಠ ಹೇಳುವಾಗ ನಾವು ರೈಲು ಹಳಿಯ ಉದಾಹರಣೆ ಕೊಡುತ್ತೇವೆ. ಮನೆಯ ಪೈಪಿನ ಉದಾಹರಣೆ ಕೊಡುವುದಿಲ್ಲ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಗೋಡೆಯ ಮೇಲಿನ ಪೈಪಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಾದರೆ, 10 ಮೀಟರ್ ಉದ್ದದ ಕಬ್ಬಿಣದ ಪೈಪು ನಾಲ್ಕು ಮಿಲ್ಲಿಮೀಟರಿಗೂ ಕಡಿಮೆ ಹಿಗ್ಗುತ್ತದೆ. ಅಷ್ಟೇ ಉದ್ದದ ಪ್ಲಾಸ್ಟಿಕ್ ಪೈಪು ಹಿಗ್ಗುವುದು ಸುಮಾರು 2 ಸೆಂಟಿಮೀಟರ್. ಎಲ್ಲ ಕ್ಲಾಂಪುಗಳನ್ನೂ ಬಿಗಿದು ಕಟ್ಟಿಬಿಟ್ಟರೆ ಆ 2 ಸೆಂಟಿಮೀಟರ್ ಹೋಗುವುದೆಲ್ಲಿಗೆ? ಪೈಪು ಬಿಲ್ಲಿನಂತೆ ಬಾಗುತ್ತದೆ, ಇಲ್ಲವೇ ಮೊಳೆಯನ್ನು ಕಿತ್ತು ಬರುತ್ತದೆ. ರಾತ್ರಿ ಮತ್ತೆ ಕುಗ್ಗುತ್ತದೆ. ವರ್ಷದಲ್ಲಿ 365 ಸಲ ಈ ಎಳೆದಾಟ ನಡೆಯುತ್ತದೆ.

ಹಾಗಾದರೆ ಬೇಕಾದದ್ದು ಎಂಥ ಕ್ಲಾಂಪು? ಗೋಡೆಯಿಂದ ಎಷ್ಟು ದೂರ ಬೇಕೋ ಅಷ್ಟು ದೂರ ನಿಲ್ಲಿಸಬಲ್ಲದ್ದು, ಪೈಪಿನ ಗಾತ್ರಕ್ಕೆ ತಕ್ಕಂತೆ ಬಿಗಿಯಬಲ್ಲದ್ದು, ಹಿಡಿದೂ ಹಿಗ್ಗಲು ಎಡೆ ಕೊಡಬಲ್ಲದ್ದು. ಅಂಥದ್ದು ಅಂಗಡಿಯಲ್ಲಿ ಸಿಗುತ್ತದೆ. ಎರಡು ಅರ್ಧಚಂದ್ರದ ಪಟ್ಟಿಗಳು ಸೇರಿ ಒಂದು ಬಳೆ. ಎರಡು ಪಕ್ಕದಲ್ಲೂ ಸ್ಕ್ರೂ. ಒಳಗೆ ರಬ್ಬರಿನ ಪದರ. ಒಂದೇ ಬಳೆ ನಾಲ್ಕೈದು ಮಿಲ್ಲಿಮೀಟರ್ ಹೆಚ್ಚುಕಡಿಮೆಯ ಪೈಪುಗಳನ್ನು ಹಿಡಿಯುತ್ತದೆ. ಬಳೆಯ ಬೆನ್ನಿಗೆ ಒಂದು ನಟ್ಟು, ಅದರೊಳಗೆ ಥ್ರೆಡ್ ಕೊರೆದ ಸರಳು. ಸರಳಿನ ಇನ್ನೊಂದು ತುದಿ ಗೋಡೆಯೊಳಗೆ. ಬಳೆಯನ್ನು ತಿರುಗಿಸಿದಂತೆ ಅದು ಗೋಡೆಯಿಂದ ಮುಂದೆ ಬರುತ್ತದೆ, ಹಿಂದೆ ಸರಿಯುತ್ತದೆ. ಗೋಡೆ ಡೊಂಕಾದರೇನು, ಪೈಪು ನೆಟ್ಟಗೆ ನಿಲ್ಲುತ್ತದೆ.

ಕವೆಗೋಲಿನಿಂದ ಕ್ಲಾಂಪಿನವರೆಗೆ

ಈ ಯುಕ್ತಿ ನಮ್ಮ ತೋಟದವರಿಗೆ ಅಪರಿಚಿತವಲ್ಲ. ಸುರಂಗದ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಹಾಯಿಸುತ್ತಿದ್ದ ನಮ್ಮ ಹಿರಿಯರು, ತಗ್ಗಿನಲ್ಲಿ ಉದ್ದದ ಕವೆಗೋಲನ್ನೂ ಉಬ್ಬಿನಲ್ಲಿ ಗಿಡ್ಡದನ್ನೂ ಊರಿ, ದಂಬೆಯ ಇಳಿಜಾರು ತಪ್ಪದಂತೆ ನೋಡಿಕೊಳ್ಳುತ್ತಿದ್ದರು. ನೆಲದ ಡೊಂಕನ್ನು ನೀರಿಗೆ ತಾಗಗೊಡದ ಕವೆಗೋಲೇ ಇಂದಿನ ಕ್ಲಾಂಪಿನ ಅಜ್ಜ ಎಂದರೆ ತಪ್ಪಾಗದು.

ಕವೆಗೋಲಿಗೆ ನೆಲವಿತ್ತು. ಗೋಡೆಗೆ ಸಿಕ್ಕಿಸುವುದು ಹೇಗೆ? ಬಹುಕಾಲ ಗೋಡೆ ಕೊರೆದು ಮರದ ಗೂಟ ಬಡಿದು, ಗೂಟಕ್ಕೆ ಸ್ಕ್ರೂ ಹಾಕುತ್ತಿದ್ದರು. ಮರ ಒಣಗಿದರೆ ಗೂಟ ಸಡಿಲ. 1911ರಲ್ಲಿ ಲಂಡನ್ನಿನ ಜಾನ್ ಜೋಸೆಫ್ ರಾಲಿಂಗ್ಸ್ ಎಂಬವರು ಸೆಣಬಿನ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಸಣ್ಣ ಕೊಳವೆಯೊಂದನ್ನು ರೂಪಿಸಿದರು. ಸ್ಕ್ರೂ ಒಳಹೊಕ್ಕಂತೆ ಅದು ಅಗಲವಾಗಿ ರಂಧ್ರದ ಗೋಡೆಯನ್ನು ಕಚ್ಚಿ ಹಿಡಿಯುತ್ತಿತ್ತು. 1958ರಲ್ಲಿ ಜರ್ಮನಿಯ ಆರ್ಟರ್ ಫಿಷರ್ ಅದನ್ನು ನೈಲಾನಿನಲ್ಲಿ ಮಾಡಿದರು. ಇಂದು ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹಿಡಿಗಟ್ಟಲೆ ಸಿಗುವ ಪ್ಲಾಸ್ಟಿಕ್ ಪ್ಲಗ್ಗು ಇದೇ ವಂಶದ್ದು. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದ, ಸ್ಕ್ರೂ ತಿರುಗಿಸಿದಂತೆ ಕಿರಿದಾಗುವ ಉಕ್ಕಿನ ಪಟ್ಟಿ ಇಂದಿಗೂ ನಮ್ಮ ಪಂಪುಸೆಟ್ಟುಗಳ ಹೋಸಿಗೆ ಬಿಗಿದುಕೊಂಡಿದೆ.

ಬರೀ ನೀರಿನ ನಷ್ಟವಲ್ಲ

ಸೋರುವುದರಿಂದ ನೀರು ಪೋಲಾಗುತ್ತದೆ, ಅಷ್ಟೇ ತಾನೆ ಎನ್ನುವವರಿದ್ದಾರೆ. ಅಷ್ಟೇ ಅಲ್ಲ. ಪೈಪಿನಲ್ಲಿ ನೀರು ಒತ್ತಡದಿಂದ ಹರಿಯುವಾಗ ಬಿರುಕಿನಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಂತು ಪೈಪು ಬರಿದಾಗುವಾಗ ಅದೇ ಬಿರುಕು ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ, ಚರಂಡಿಯ ಪಕ್ಕದಲ್ಲೇ ಸೀಳಿದ ಪೈಪು ಇದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಮನ್ರೋ ಸತ್ತದ್ದು ಕಾಲರಾದಿಂದ. ಅದು ನೀರಿನಿಂದ ಹರಡುವ ರೋಗವೆಂಬುದು ಆಗ ಅವನ ವೈದ್ಯರಿಗೂ ತಿಳಿದಿರಲಿಲ್ಲ. ಲಂಡನ್ನಿನ ಒಂದು ಬೀದಿಯ ಪಂಪಿನ ನೀರೇ ರೋಗದ ಮೂಲವೆಂದು ಡಾ. ಜಾನ್ ಸ್ನೋ ತೋರಿಸಿಕೊಟ್ಟದ್ದು 1854ರಲ್ಲಿ, ಅಂದರೆ ಮನ್ರೋ ತೀರಿಕೊಂಡ 27 ವರ್ಷಗಳ ಬಳಿಕ. ಇಡೀ ಮದರಾಸು ಪ್ರಾಂತಕ್ಕೆ ಒಡೆಯನಾಗಿದ್ದವನಿಗೂ ತಿಳಿಯದೆ ಹೋದ ವಿಷಯವನ್ನು ಇಂದು ನಮ್ಮ ಎಂಟನೆಯ ತರಗತಿಯ ಮಕ್ಕಳು ಬಲ್ಲರು. ತಿಳಿದೂ ಸುಮ್ಮನಿದ್ದರೆ ನಮಗೆ ಯಾವ ನೆಪವಿದೆ?

ನಡೆದ ರಿಪೇರಿ

ಮಿತ್ರರು ಸಂಜೆಯೇ ಪ್ಲಂಬರನ್ನು ಕರೆತಂದರು. ತೆಲುಗು ಮಾತಾಡುವ ತರುಣ, ಕನ್ನಡವೂ ಬರುತ್ತಿತ್ತು. ಅವನು ಮೊದಲು ಮಾಡಿದ ಕೆಲಸ ಗೋಡೆಯನ್ನು ಸುತ್ತಿಗೆಯ ತುದಿಯಿಂದ ತಟ್ಟಿ ನೋಡಿದ್ದು. ಟಣ್ ಎಂದಲ್ಲಿ ಕಲ್ಲು, ಬದ್ ಎಂದಲ್ಲಿ ಮಣ್ಣು. ಕಲ್ಲಿದ್ದಲ್ಲಿಗೇ ಡ್ರಿಲ್ ಹಿಡಿದು ರಂಧ್ರ ಕೊರೆದ, ಪುಡಿಯನ್ನು ಊದಿ ತೆಗೆದ, ಪ್ಲಗ್ಗು ಇಳಿಸಿದ, ಸರಳು ಕೂರಿಸಿದ. ಮೂರು ಅಡಿಗೊಂದರಂತೆ ಬಳೆ ಹಾಕಿದ. ನಳ್ಳಿಯ ಹತ್ತಿರದ ಬಳೆಯನ್ನು ಮಾತ್ರ ಗಟ್ಟಿಯಾಗಿ ಬಿಗಿದು, ಉಳಿದವುಗಳಲ್ಲಿ ಪೈಪು ಉದ್ದಕ್ಕೆ ಸರಿಯುವಷ್ಟು ಸಡಿಲ ಬಿಟ್ಟ. ಏಕೆಂದು ಕೇಳಿದ್ದಕ್ಕೆ, "ಬಿಸಿಲಿಗೆ ಅದೂ ಮೈ ಮುರಿಬೇಕಲ್ಲ ಸಾರ್" ಎಂದ. ನಾವು ಡಿಗ್ರಿ, ಮಿಲ್ಲಿಮೀಟರುಗಳಲ್ಲಿ ಹೇಳುವುದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ್ದ.

ನಮ್ಮ ಮುರಕಲ್ಲಿನ ಗೋಡೆಗೆ

ನಮ್ಮ ಊರಿನ ತೊಂದರೆ ಬೇರೆ ಬಗೆಯದು. ಮುರಕಲ್ಲಿಗೆ ಮೊಳೆ ಸುಲಭವಾಗಿ ಇಳಿಯುತ್ತದೆ, ಅಷ್ಟೇ ಸುಲಭವಾಗಿ ಹೊರಬರುತ್ತದೆ. ಇಲ್ಲಿ ಉದ್ದದ ಪ್ಲಗ್ಗು, ಉದ್ದದ ಸ್ಕ್ರೂ ಬೇಕು. ಕಡಲ ಗಾಳಿಯ ಉಪ್ಪಿಗೂ ನಾಲ್ಕು ತಿಂಗಳ ಮಳೆಗೂ ಸಾದಾ ಕಬ್ಬಿಣ ಬಾಳದು. ಸತುವಿನ ಲೇಪವಿರುವುದನ್ನೋ ಸ್ಟೇನ್‌ಲೆಸ್ ಸ್ಟೀಲನ್ನೋ ಆರಿಸಬೇಕು. ಕ್ಲಾಂಪು ಕೊಳ್ಳಲು ಹೋಗುವಾಗ ಪೈಪಿನ ಒಂದು ತುಂಡನ್ನು ಜೊತೆಗೆ ಒಯ್ದರೆ ಅರ್ಧ ಇಂಚಿನ ಗೊಂದಲವೇ ಇರದು.

ಮನೆಮನೆಗೆ ನಳ್ಳಿ ನೀರು ಕೊಡುವ ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಅದರ ಅಳತೆ. ಎಷ್ಟು ಮನೆಗೆ ನಳ್ಳಿ ಬಂತು ಎಂದು ಎಣಿಸುವವರಿದ್ದಾರೆ, ಎಣಿಸಲಿ. ಆ ನಳ್ಳಿಯ ಪೈಪನ್ನು ಗೋಡೆ ಹಿಡಿದುಕೊಂಡಿದೆಯೇ ಎಂದು ನೋಡುವ ಕೆಲಸ ಮನೆಯವರಾದ ನಮ್ಮದು.

ಶಾಲೆ ತೆರೆದ ವಾರದಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಕೈತೊಳೆಯುವ ನಳ್ಳಿಗಳ ಬಳಿಗೆ ಹೋಗಿ ಪೈಪಿನ ಕ್ಲಾಂಪುಗಳನ್ನು ಎಣಿಸಿದೆವು. ಗೋಡೆಯಲ್ಲಿ ಹದಿನಾರು ಕಡೆ ಗುರುತು ಇತ್ತು. ಕ್ಲಾಂಪು ಇದ್ದದ್ದು ಒಂಬತ್ತು ಕಡೆ. ಉಳಿದ ಏಳನ್ನು ಆ ಶನಿವಾರವೇ ಹಾಕಿಸಿದೆವು. ಯಾರ ಮಂಜೂರಾತಿಗೂ ಕಾಯಬೇಕಾದಷ್ಟು ದೊಡ್ಡ ಖರ್ಚು ಅದಾಗಿರಲಿಲ್ಲ.

ಪತ್ತಿಕೊಂಡದಿಂದ ಮಿತ್ರರು ಮೊನ್ನೆ ಫೋನು ಮಾಡಿದ್ದರು. ಮಾತಿನ ಕೊನೆಯಲ್ಲಿ ತಾಯಿಗೆ ಕೊಟ್ಟರು. ನೀರು ಹೇಗೆ ಹಿಡಿಯುತ್ತೀರಿ ಅಜ್ಜೀ ಎಂದು ಕೇಳಿದೆವು. "ಒಂದು ಕೈ ನಳಕ್ಕ, ಒಂದು ಕೈ ಕೊಡಕ್ಕ," ಎಂದರು. "ಪೈಪನ್ನ ಗೋಡೆ ಹಿಡ್ಕಂತೈತಿ."