ಕೆರೆ ಬತ್ತಿದಾಗ ಬಸವನಹುಳು ಎಲ್ಲಿ ಹೋಗುತ್ತದೆ?

ಮಂಡ್ಯ ಜಿಲ್ಲೆ ಎಂದರೆ ಹೊರಗಿನವರಿಗೆ ನೆನಪಾಗುವುದು ನಾಲೆ, ಕಬ್ಬು, ಭತ್ತದ ಗದ್ದೆ. ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯ ಭೂಮಿಯ ಪಾಡು ಬೇರೆ. ರಾಗಿ, ಹುರುಳಿ, ತೆಂಗಿನ ಸೀಮೆ ಅದು. ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರಿನ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಿಂಗಾರು ಚೆನ್ನಾಗಿ ಹಿಡಿದ ವರ್ಷ ಇಲ್ಲಿನ ಕೆರೆಕಟ್ಟೆಗಳು ಕೋಡಿ ಬೀಳುತ್ತವೆ. ಶಿವರಾತ್ರಿ ಕಳೆಯುತ್ತಿದ್ದಂತೆ ನೀರು ಹಿಂದಕ್ಕೆ ಸರಿಯತೊಡಗುತ್ತದೆ. ಯುಗಾದಿ ದಾಟುವಷ್ಟರಲ್ಲಿ ಸಣ್ಣ ಕೆರೆಗಳ ಅಂಗಳದಲ್ಲಿ ದನ ಮೇಯುತ್ತಿರುತ್ತವೆ, ತೂಬಿನ ಮುಂದಿನ ತಗ್ಗಿನಲ್ಲಷ್ಟೇ ಒಂದಿಷ್ಟು ಬಗ್ಗಡ ಉಳಿದಿರುತ್ತದೆ. ಮೇ ತಿಂಗಳಲ್ಲಿ ಅದೂ ಇಲ್ಲ. ಮಣ್ಣು ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ.

ಈ ಬಿರುಕು ನೋಡಿ ಕೆರೆ ಸತ್ತೇಹೋಯಿತು ಅನ್ನುತ್ತೇವೆ. ಪತ್ರಿಕೆಗಳಲ್ಲಿ ಬರದ ಸುದ್ದಿಗೆ ಇದೇ ಚಿತ್ರ. ಮನುಷ್ಯರ ಮತ್ತು ದನಕರುಗಳ ಲೆಕ್ಕದಲ್ಲಿ ಅದು ಕಷ್ಟಕಾಲವೇ, ಸಂಶಯವಿಲ್ಲ. ಆದರೆ ಆ ಬಿರುಕಿನೊಳಗೆ ಗುದ್ದಲಿ ಹಾಕಿ ನಿಧಾನವಾಗಿ ಮಣ್ಣು ಬಿಡಿಸಿದರೆ, ಒಂದೆರಡು ಗೇಣು ಆಳದಲ್ಲಿ ಕಂದು ಬಣ್ಣದ ದುಂಡನೆಯ ಚಿಪ್ಪೊಂದು ಸಿಕ್ಕಬಹುದು. ಅಲ್ಲಾಡಿಸಿದರೂ ಸದ್ದಿಲ್ಲ. ಬಾಯಿಗೆ ಗಟ್ಟಿ ಮುಚ್ಚಳ ಬಿಗಿದಿರುತ್ತದೆ. ಅದನ್ನು ನೀರು ತುಂಬಿದ ಬಟ್ಟಲಲ್ಲಿಟ್ಟು ಕಾದರೆ ಮುಚ್ಚಳ ಸಡಿಲವಾಗಿ ಮೆತ್ತನೆಯ ಪಾದ ಹೊರಗೆ ಬರುತ್ತದೆ, ಆಮೇಲೆ ಮೀಸೆಗಳು. ಕೆರೆಯ ಬಸವನಹುಳು ಅಲ್ಲಿ ಸತ್ತಿರಲಿಲ್ಲ, ಬಾಗಿಲು ಹಾಕಿಕೊಂಡು ಕೂತಿತ್ತು.

ಪದವಿ ತರಗತಿಯಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಇದು ಪೈಲಾ ಎಂಬ ಹೆಸರಿನಲ್ಲಿ ಪರಿಚಿತ. ಪ್ರಯೋಗಾಲಯದ ತಟ್ಟೆಯಲ್ಲಿ ಇದನ್ನು ಸೀಳಿ ನೋಡಿದವರು ಸಾವಿರಾರು ಮಂದಿ ಇದ್ದಾರೆ. ಇದು ಕೆರೆಯಲ್ಲಿ ಬದುಕುವ ಬಗೆ ತಿಳಿದರೆ ಆ ಒಳ ಅಂಗಗಳಿಗೆಲ್ಲ ಅರ್ಥ ಬರುತ್ತದೆ. ಚಿಪ್ಪಿನೊಳಗಿನ ಉಸಿರಿನ ಕೋಣೆ ಎರಡು ಭಾಗವಾಗಿದೆ. ಬಲಕ್ಕೆ ಮೀನಿನಂತೆ ಕಿವಿರು, ಎಡಕ್ಕೆ ಗಾಳಿ ತುಂಬಿಕೊಳ್ಳುವ ಶ್ವಾಸಚೀಲ. ತಿಳಿನೀರಿನಲ್ಲಿ ಕಿವಿರಿನ ಕೆಲಸ ಸಾಕು. ನೀರು ಕಡಿಮೆಯಾಗಿ, ಬಿಸಿಯಾಗಿ, ಅದರಲ್ಲಿನ ಆಮ್ಲಜನಕ ಇಳಿದಾಗ ಹುಳು ಮೇಲಕ್ಕೆ ಬಂದು ಕತ್ತಿನ ಎಡಭಾಗದ ಪದರವನ್ನು ಕೊಳವೆಯಾಗಿ ಸುತ್ತಿ ನೀರಿನಿಂದ ಹೊರಗೆ ಚಾಚುತ್ತದೆ. ಮೈ ನೀರೊಳಗೆ, ಉಸಿರು ಗಾಳಿಯಿಂದ. ನೀರು ಪೂರ್ತಿ ಇಂಗುವ ಸೂಚನೆ ಸಿಕ್ಕರೆ ಕೆಸರಿಗಿಳಿದು, ಮೈಯನ್ನೆಲ್ಲ ಒಳಕ್ಕೆಳೆದುಕೊಂಡು, ಸುಣ್ಣದ ಮುಚ್ಚಳವನ್ನು ಬಿಗಿಯಾಗಿ ಹಾಕಿಕೊಳ್ಳುತ್ತದೆ. ಇನ್ನು ಊಟವಿಲ್ಲ, ಓಡಾಟವಿಲ್ಲ. ಎದೆಬಡಿತ ನಿಧಾನವಾಗುತ್ತದೆ. ಹೀಗೆ ತಿಂಗಳುಗಟ್ಟಲೆ ಇರಬಲ್ಲದು.

ಇಲ್ಲೊಂದು ತೊಡಕಿದೆ. ಜೀವಂತವಿರುವ ದೇಹ ಕಸ ಹುಟ್ಟಿಸದೆ ಇರದು. ನೀರಿನಲ್ಲಿರುವಾಗ ಈ ಹುಳು ತನ್ನ ಸಾರಜನಕದ ಕಸವನ್ನು ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ಅಮೋನಿಯಾ ವಿಷ, ಆದರೆ ಸುತ್ತ ಕೆರೆಯಷ್ಟು ನೀರಿರುವಾಗ ಕರಗಿ ಹೋಗುತ್ತದೆ. ಮುಚ್ಚಿದ ಚಿಪ್ಪಿನೊಳಗೆ ಅದೇ ಅಮೋನಿಯಾ ಸೇರಿದರೆ ಹುಳುವಿನ ಕತೆ ಮುಗಿದಂತೆ. ಆದ್ದರಿಂದ ಬೇಸಿಗೆಯ ನಿದ್ರೆಯಲ್ಲಿ ಅದು ಕಸದ ರಸಾಯನವನ್ನೇ ಬದಲಿಸಿಕೊಳ್ಳುತ್ತದೆ. ನೀರಿನಲ್ಲಿ ಕರಗದ, ವಿಷವೂ ಅಲ್ಲದ ಯೂರಿಕ್ ಆಮ್ಲ ಮಾಡಿ ಮೈಯಲ್ಲೇ ಕೂಡಿಡುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಬೆಳ್ಳಗೆ ಕಾಣುವುದೂ ಇದೇ ಪದಾರ್ಥ. ವರ್ಷದ ಒಂದು ಭಾಗ ಮೀನಿನ ಹಾಗೆ, ಇನ್ನೊಂದು ಭಾಗ ಹಕ್ಕಿಯ ಹಾಗೆ ಕಸ ನಿಭಾಯಿಸುವ ಜೀವಿ ನಮ್ಮೂರ ಕೆರೆಯ ಕೆಸರಲ್ಲಿದೆ ಎಂಬುದು ನನಗೆ ಈಗಲೂ ದೊಡ್ಡ ಬೆರಗು.

ಮಳೆ ಬಂದ ಮೇಲೆ ಮೊಟ್ಟೆಯ ಕಾಲ. ನೀರಿನ ಪ್ರಾಣಿಯಾದರೂ ಮೊಟ್ಟೆ ಇಡಲು ಅದು ದಡಕ್ಕೆ ಬರುತ್ತದೆ. ತೇವದ ಮಣ್ಣಿನ ಗುಳಿಯಲ್ಲಿ ಬಿಳಿಯ ದುಂಡು ಮೊಟ್ಟೆಗಳನ್ನು ನೂರಾರು ಸಂಖ್ಯೆಯಲ್ಲಿ ಗುಪ್ಪೆಯಾಗಿ ಇಡುತ್ತದೆ. ದಡ ಇಳಿಜಾರಾಗಿ, ಮಣ್ಣಿನದೇ ಆಗಿರಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಸವನಹುಳು ಇರುವಲ್ಲಿ ಬಾಯ್ಕಳಕ ಬರುತ್ತದೆ. ಬೂದುಬಿಳಿ ಮೈ, ಕಪ್ಪು ರೆಕ್ಕೆಯಂಚಿನ ಈ ಕೊಕ್ಕರೆಯ ಕೊಕ್ಕನ್ನು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ತುದಿಗಳು ಮಾತ್ರ ಕೂಡುತ್ತವೆ. ಮೊಟ್ಟೆಯೊಡೆದು ಬರುವ ಮರಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತ ಮೂಡುತ್ತದೆ. ಚಿಪ್ಪನ್ನು ಈ ಸಂದಿನಲ್ಲಿಟ್ಟು ಅಡಕೆಯಂತೆ ಕತ್ತರಿಸುತ್ತದೆ ಎಂದು ಹಿಂದೆ ಅನೇಕರು ನಂಬಿದ್ದರು. ಹತ್ತಿರದಿಂದ ಗಮನಿಸಿದಾಗ ಬೇರೆಯೇ ತಿಳಿಯಿತು. ಹಕ್ಕಿ ತಿಂದುಬಿಟ್ಟ ಚಿಪ್ಪುಗಳು ಬಹುಪಾಲು ಒಡೆದಿರುವುದೇ ಇಲ್ಲ. ಮೇಲಿನ ಕೊಕ್ಕಿನಿಂದ ಚಿಪ್ಪನ್ನು ನೆಲಕ್ಕೆ ಒತ್ತಿ ಹಿಡಿದು, ಕೆಳಗಿನ ಕೊಕ್ಕಿನ ಚೂಪು ತುದಿಯನ್ನು ಮುಚ್ಚಳದ ಪಕ್ಕದಿಂದ ತೂರಿಸಿ, ಹುಳುವನ್ನು ಚಿಪ್ಪಿಗೆ ಕಟ್ಟಿಹಾಕಿದ ಸ್ನಾಯುವನ್ನು ಕತ್ತರಿಸಿ, ಮೈಯನ್ನು ಇಡಿಯಾಗಿ ಎಳೆದು ತೆಗೆಯುತ್ತದೆ. ಇದೆಲ್ಲ ನಡೆಯುವುದು ಬಗ್ಗಡ ನೀರಿನಡಿ, ಕಣ್ಣಿಗೆ ಕಾಣದ ಕಡೆ. ಕಣ್ಣು ಕಟ್ಟಿದರೂ ಈ ಹಕ್ಕಿ ಹುಳು ಹಿಡಿಯುತ್ತದೆ ಎಂದು 19ನೇ ಶತಮಾನದಲ್ಲೇ ಪಕ್ಷಿತಜ್ಞ ಟಿ.ಸಿ. ಜೆರ್ಡನ್ ದಾಖಲಿಸಿದ್ದರು.

ಬಾಯ್ಕಳಕಗಳು ಶ್ರೀರಂಗಪಟ್ಟಣದ ರಂಗನತಿಟ್ಟಿನಲ್ಲಿ ಗೂಡು ಕಟ್ಟುತ್ತವೆ. ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು; 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳ ಮೇಲೆಯೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಸಂಸಾರ ಹೂಡುತ್ತವೆ. ಗೂಡಿರುವ ಮರಕ್ಕೆ ನಾವು ರಕ್ಷಣೆ ಕೊಟ್ಟಿದ್ದೇವೆ, ಸಂತೋಷ. ಆದರೆ ಗೂಡಿನಲ್ಲಿ ಊಟ ಹುಟ್ಟುವುದಿಲ್ಲ. ಕೊಕ್ಕರೆಗಳು ನೀರಿನಲ್ಲಿ ನಡೆದು ತಿನ್ನುವ ಹಕ್ಕಿಗಳು, ಕಾಲು ಮುಳುಗದ ಆಳ ಬೇಕು. ಕೆರೆ ಇಂಗುತ್ತ ಬಂದಂತೆ ಮೀನು, ಹುಳು, ಕಪ್ಪೆಗಳೆಲ್ಲ ಉಳಿದ ನೀರಿಗೆ ಒತ್ತರಿಸಿಕೊಳ್ಳುತ್ತವೆ, ಆಗ ಹಕ್ಕಿಗೆ ಹಬ್ಬ. ಪಾಂಡವಪುರದ ತೊಣ್ಣೂರು ಕೆರೆಯಂಥ ಆಳದ ತಿಳಿನೀರು ನೋಡಲು ಎಷ್ಟು ಚಂದವಾದರೂ, ನಡೆದು ಬೇಟೆಯಾಡುವ ಹಕ್ಕಿಗೆ ಅಲ್ಲಿ ಸಿಗುವುದು ಅಂಚಿನ ತೆಳು ಪಟ್ಟಿಯಷ್ಟೇ. ಬೇಸಿಗೆಗೆ ಬತ್ತುವ ಸಣ್ಣ ಕೆರೆ ಇಳಿಯುವಾಗೆಲ್ಲ ಈ ಪಟ್ಟಿಯನ್ನು ದಿನದಿನವೂ ಹೊಸ ಜಾಗದಲ್ಲಿ ಹಾಸುತ್ತ ಹೋಗುತ್ತದೆ.

ಕೆಸರಲ್ಲಿ ಮಲಗಿರುವುದು ಬಸವನಹುಳು ಒಂದೇ ಅಲ್ಲ. ಹಿಂಗಾಲಿನ ಹಿಮ್ಮಡಿಯ ಬಳಿ ಸಲಿಕೆಯಾಕಾರದ ಗಟ್ಟಿ ಗುಬುಟು ಇರುವ ಗಿಡ್ಡ ಕಪ್ಪೆಯೊಂದಿದೆ. ಅದು ಬೆನ್ನು ಮುಂದಾಗಿ ಮಣ್ಣಿಗಿಳಿಯುತ್ತದೆ. ಮುಖ ಕೊನೆಯಲ್ಲಿ ಮರೆಯಾಗುತ್ತದೆ. ಗೋಂಕುರು ಕಪ್ಪೆಗಳದು ಬೇರೆ ಜಾತಿ; ಅವು ಮೊದಲ ಜೋರು ಮಳೆಯ ರಾತ್ರಿ ಹೊರಬಂದಾಗ ಗಂಡುಗಳ ಮೈ ಅರಿಶಿನ ಹಳದಿ, ಗಂಟಲ ಚೀಲ ಕಡುನೀಲಿ. ಆ ಬಣ್ಣ ಕೆಲವೇ ದಿನಗಳದು. ಅವುಗಳಿಗೆ ಆತುರ ಇರುವುದಕ್ಕೆ ಕಾರಣವಿದೆ: ನೀರು ಎಷ್ಟು ದಿನ ನಿಲ್ಲುತ್ತದೆಂಬ ಭರವಸೆ ಇಲ್ಲ, ಗೊದಮೊಟ್ಟೆಗೆ ಅಷ್ಟರೊಳಗೆ ಕಾಲು ಮೂಡಬೇಕು.

ಗಿಡಗಳಲ್ಲಿ ನನ್ನ ಮೆಚ್ಚಿನದು ನಾಲ್ಕೆಲೆಯ ಜರೀಗಿಡ, ಮಾರ್ಸಿಲಿಯಾ. ತೆಳ್ಳನೆಯ ತೊಟ್ಟಿನ ತುದಿಯಲ್ಲಿ ನಾಲ್ಕು ಎಸಳು ಕೂಡಿ ನೀರಿನ ಮೇಲೆ ತೇಲುತ್ತವೆ. ನೀರು ಇಳಿದಾಗ ಅದೇ ಗಿಡ ಕೆಸರಲ್ಲಿ ನೆಟ್ಟಗೆ ನಿಂತು, ಬುಡದಲ್ಲಿ ಮೆಣಸಿನಕಾಳಿನ ಗಾತ್ರದ ಗಟ್ಟಿ ಕಾಯಿಗಳನ್ನು ಬಿಡುತ್ತದೆ. ಒಳಗಿರುವುದು ಬೀಜವಲ್ಲ, ಬೀಜಕಣಗಳು. ಒಣಗಿಸಿಟ್ಟ ಸಸ್ಯಸಂಗ್ರಹದ ಹಾಳೆಗಳಿಂದ ತೆಗೆದ ಕಾಯಿಗಳು ದಶಕಗಳ ಮೇಲೆಯೂ ಚಿಗುರಿದ ಉದಾಹರಣೆಗಳಿವೆ. ಒಂದು ಕಾಯಿಯ ಸಿಪ್ಪೆಯನ್ನು ಬ್ಲೇಡಿನಿಂದ ಗೀರಿ ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಲೋಳೆಯ ದಾರವೊಂದು ಉಬ್ಬುತ್ತ ಹೊರಬರುತ್ತದೆ, ಕಾಯಿಗಿಂತ ಹಲವು ಪಟ್ಟು ಉದ್ದಕ್ಕೆ ಬೆಳೆಯುತ್ತದೆ, ಅದರ ಎರಡೂ ಬದಿಗೆ ಬೀಜಕಣದ ಪೊಟ್ಟಣಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಪುಟ್ಟ ಕಾಯಿಯೊಳಗೆ ಇಷ್ಟೆಲ್ಲ ಮಡಿಸಿಟ್ಟಿದ್ದದ್ದು ನೀರು ತಾಗಿದೊಡನೆ ಬಿಚ್ಚಿಕೊಳ್ಳುತ್ತದೆ. ಕೆರೆಯಲ್ಲಿ ಈ ಗೀರುವ ಕೆಲಸವನ್ನು ಯಾರೂ ಮಾಡುವುದಿಲ್ಲ. ಸಿಪ್ಪೆ ತಾನಾಗಿ ಸವೆಯಬೇಕು. ಎಲ್ಲ ಕಾಯಿಗಳೂ ಒಂದೇ ವರ್ಷ ಸವೆಯುವುದಿಲ್ಲವಾದ್ದರಿಂದ, ಒಂದು ವರ್ಷದ ಮಳೆ ಕೈಕೊಟ್ಟರೂ ಸಂತಾನ ಮಣ್ಣಿನಲ್ಲಿ ಬಾಕಿ ಇರುತ್ತದೆ. ನೀರಿನಲ್ಲಿ ಕುಪ್ಪಳಿಸುವ ಪುಟ್ಟ ಜೀವಿಯಾದ ನೀರುಚಿಗಟದ ಮೊಟ್ಟೆಗಳದೂ ಇದೇ ಲೆಕ್ಕ. ಮೊದಲ ಮಳೆಗೇ ಎಲ್ಲವೂ ಒಡೆಯುವುದಿಲ್ಲ.

ಒಣಗುವಿಕೆಯಿಂದ ಮಣ್ಣಿಗೂ ಲಾಭವಿದೆ. ಸದಾ ನೀರಿನಡಿ ಇರುವ ಹೂಳಿಗೆ ಗಾಳಿ ಸಿಗುವುದಿಲ್ಲ, ಕೊಳೆತದ್ದು ಅರ್ಧಕ್ಕೇ ನಿಲ್ಲುತ್ತದೆ. ಬಿರುಕಿನಲ್ಲಿ ಗಾಳಿ ಇಳಿದಾಗ ಆ ಕೆಲಸ ಮುಂದುವರಿಯುತ್ತದೆ, ಮೇಯುವ ದನ ಸಗಣಿ ಹಾಕುತ್ತವೆ, ಹೊಸ ನೀರು ಬಂದಾಗ ಪೋಷಕಾಂಶಗಳೆಲ್ಲ ಒಟ್ಟಿಗೇ ನೀರಿಗೆ ಬಿಡುಗಡೆಯಾಗುತ್ತವೆ. ಜವುಗು ಗಿಡಗಳಲ್ಲಿ ಹಲವುಗಳ ಬೀಜ ನೀರಿನಡಿ ಮೊಳೆಯುವುದೇ ಇಲ್ಲ, ಬೆಳಕು ಬಿದ್ದ ಹಸಿ ಕೆಸರೇ ಆಗಬೇಕು. ನಮ್ಮ ಹೆಂಗಸರು ಕೆರೆಯ ಅಂಚಿನಲ್ಲಿ ಕಿತ್ತು ತರುವ ಹೊನಗೊನೆ ಸೊಪ್ಪು ಈ ಹಸಿ ಅಂಚಿನದೇ ಬೆಳೆ. ರೈತರಂತೂ ಈ ಫಲವತ್ತನ್ನು ಹಿಂದಿನಿಂದಲೇ ಬಲ್ಲರು. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಅದು ಅಲ್ಲಲ್ಲಿ ಅಷ್ಟಷ್ಟು ಕೆರೆದದ್ದು. ಪಕ್ಕದ ಮಣ್ಣು ಹಾಗೇ ಉಳಿಯುತ್ತಿತ್ತು.

ಈಗ ಯಂತ್ರ ಇಳಿಯುತ್ತದೆ. ಕೆಲವೇ ದಿನಗಳಲ್ಲಿ ಇಡೀ ಅಂಗಳದ ಮೇಲ್ಪದರ ಎತ್ತಿ, ಬದಿಗಳನ್ನು ಕಡಿದಾಗಿ ಕೊರೆದು, ಕಲ್ಲು ಜೋಡಿಸಿ, ಸುತ್ತ ನಡಿಗೆದಾರಿ ಮಾಡಿ, ಕೆರೆ ಉದ್ಧಾರವಾಯಿತು ಅನ್ನುತ್ತೇವೆ. ಹೂಳು ತೆಗೆಯಲೇಬಾರದು ಎಂಬುದು ನನ್ನ ವಾದವಲ್ಲ. ಏರಿ, ತೂಬು, ಕೋಡಿ ಇರುವ ಕೆರೆ ಮನುಷ್ಯ ಕಟ್ಟಿದ್ದು, ರಿಪೇರಿ ಬೇಕೇ ಬೇಕು. ಹೇಮಾವತಿಯ ನಾಲೆಯಿಂದ ಕೆರೆ ತುಂಬಿಸುವುದರಿಂದ ಎಷ್ಟೋ ಊರಿನ ಕೊಳವೆಬಾವಿಗೆ ಜೀವ ಬಂದಿದೆ, ಅದನ್ನೂ ಅಲ್ಲಗಳೆಯಲಾರೆ. ಆದರೆ ಮೇಲ್ಪದರದ ಗೋಡಿನಲ್ಲಿ ಮುಂದಿನ ವರ್ಷದ ಕೆರೆ ಮಲಗಿರುತ್ತದೆ. ಅದನ್ನು ಒಂದೇ ಬೇಸಿಗೆಯಲ್ಲಿ ಪೂರ್ತಿ ಸಾಗಿಸಿದರೆ ಮಳೆಗಾಲದಲ್ಲಿ ತುಂಬುವುದು ನೀರು ಮಾತ್ರ. ಒಂದು ವರ್ಷ ಒಂದು ಭಾಗ, ಮರುವರ್ಷ ಇನ್ನೊಂದು ಭಾಗ ತೆಗೆಯಬಹುದು. ಏರಿಯ ಕಡೆ ಆಳ ಮಾಡಿ, ನೀರು ಬರುವ ಕಡೆಯ ಇಳಿಜಾರನ್ನು ಮುಟ್ಟದೆ ಬಿಡಬಹುದು. ಬಸವನಹುಳು ಮೊಟ್ಟೆ ಇಡುವುದು ಅಲ್ಲೇ. ಕಲ್ಲು ಹಾಸಿದ ಗೋಡೆಯಲ್ಲಿ ಅದಕ್ಕೆ ಗುಳಿ ಸಿಗುವುದಿಲ್ಲ.

ಕಾನೂನಿನಲ್ಲೂ ಒಂದು ಕೊರತೆ ಇದೆ. 1971ರ ರಾಮ್ಸರ್ ಒಪ್ಪಂದ ಜೌಗುಪ್ರದೇಶವನ್ನು ವಿವರಿಸುವಾಗ ಸಹಜವೋ ಕೃತಕವೋ, ಕಾಯಮ್ಮೋ ತಾತ್ಕಾಲಿಕವೋ ಎಂದು ಭೇದ ಮಾಡುವುದಿಲ್ಲ. ನಮ್ಮ 2017ರ ಜೌಗುಪ್ರದೇಶ ನಿಯಮಗಳಾದರೋ ನೀರಾವರಿಗೆಂದೇ ಕಟ್ಟಿದ ನೀರಿನ ನೆಲೆಗಳನ್ನು ಹೊರಗಿಟ್ಟಿವೆ. ಬಯಲುಸೀಮೆಯ ಕೆರೆಗಳೆಲ್ಲ ಬಹುಪಾಲು ನೀರಾವರಿಗೆ ಕಟ್ಟಿದವೇ. ಹಾಗಾಗಿ ಗೂಡಿನ ಜಾಗಕ್ಕೆ ಅಂತರರಾಷ್ಟ್ರೀಯ ಮನ್ನಣೆ, ಊಟದ ಜಾಗಕ್ಕೆ ಹೆಸರೂ ಇಲ್ಲ.

ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಮಕ್ಕಳ ಕೈಯಲ್ಲಿ ಮಾಡಿಸಬಹುದಾದ ಕೆಲಸವೊಂದಿದೆ. ಬತ್ತಿದ ಕೆರೆಯ ಅಂಗಳದ ಮೇಲ್ಮಣ್ಣನ್ನು ಎರಡು ಬೊಗಸೆ ತಂದು ಅಗಲವಾದ ಗಾಜಿನ ಪಾತ್ರೆಗೆ ಹಾಕಿ, ಮೇಲೆ ನಾಲ್ಕು ಬೆರಳು ಮಳೆನೀರು ತುಂಬಿ. ಕ್ಲೋರಿನ್ ಇರುವ ನಲ್ಲಿನೀರು ಬೇಡ. ಕಿಟಕಿಯ ಬೆಳಕಿನಲ್ಲಿಟ್ಟು ದಿನವೂ ಭೂತಗನ್ನಡಿಯಲ್ಲಿ ನೋಡಲಿ. ಕೆಲವು ದಿನಗಳಲ್ಲಿ ಕುಪ್ಪಳಿಸುವ ನೀರುಚಿಗಟಗಳು, ಕಾಳಿನಂಥ ಎರಡು ಚಿಪ್ಪಿನ ಸೂಕ್ಷ್ಮ ಜೀವಿಗಳು ಕಾಣಿಸಿಕೊಳ್ಳಬಹುದು, ಆಮೇಲೆ ಹಸಿರು ಮೊಳಕೆಗಳು. ಬಂದದ್ದನ್ನೆಲ್ಲ ದಿನಾಂಕದೊಂದಿಗೆ ಚಿತ್ರ ಬರೆದಿಡಲಿ. ನೋಡಿ ಮುಗಿದ ಮೇಲೆ ಮಣ್ಣನ್ನು ತಂದ ಕೆರೆಗೇ ಹಿಂದಿರುಗಿಸಬೇಕು, ಬೇರೆ ಕೆರೆಗೆ ಹಾಕಕೂಡದು. ಕೆರೆಯನ್ನೇ ಮುಚ್ಚಿಬಿಡುವ ಕಳೆಯಾದ ನೇರಳೆ ಹೂವಿನ ಅಂತರಗಂಗೆಯ ಬೀಜವೂ ಆ ಮಣ್ಣಿನಲ್ಲಿ ಹಲವು ವರ್ಷ ಮಲಗಿರಬಲ್ಲದು.