ಭರಣಿಯ ಗಾದೆ, ಹೊಗೆಸೊಪ್ಪಿನ ಹೊಲ

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ.’ ಅಪ್ಪನಿಂದ ಮಗನಿಗೆ ದಾಟಿ ಬಂದ ಈ ಗಾದೆ ಓದುಬರಹ ಬಾರದವರ ಪಂಚಾಂಗವೂ ಹೌದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಆ ದಿನಗಳ ಮಳೆಗೆ ನಕ್ಷತ್ರದ್ದೇ ಹೆಸರು. ಭರಣಿ ಏಪ್ರಿಲ್ ಕೊನೆಗೆ ಹುಟ್ಟಿ ಮೇ ಎರಡನೇ ವಾರಕ್ಕೆ ಮುಗಿಯುತ್ತದೆ. ಹೆಸರಿಗೆ ಪ್ರಾಸ ಕಟ್ಟಿಕೊಟ್ಟರೆ ಮರೆಯುವುದು ಕಷ್ಟ.

ಹಿರಿಯರು ಬೆಳೆಯೆಂದದ್ದು ಉಣ್ಣುವ ಧಾನ್ಯವನ್ನು. ಇಂದು ನಾಗರಹೊಳೆ ಕಾಡಿನಂಚಿನ ವೀರನಹೊಸಹಳ್ಳಿಯಿರುವ ಹುಣಸೂರು ತಾಲ್ಲೂಕು, ಪಕ್ಕದ ಪಿರಿಯಾಪಟ್ಟಣ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಬಹುಪಾಲು ಮಳೆಯಾಶ್ರಿತ ಹೊಲಗಳು. ಸಸಿಮಡಿಯಲ್ಲಿ ಸುಮಾರು ಎರಡು ತಿಂಗಳು ಬೆಳೆದ ಸಸಿ ಹೊಲಕ್ಕಿಳಿಯುವುದು ಮುಂಗಾರಿಗೆ ಮುಂಚಿನ ಈ ಮಳೆಯನ್ನು ನಂಬಿಯೇ. ಭರಣಿ ಕೈಕೊಟ್ಟು, ಹಿಂದೆಯೇ ಬರುವ ಕೃತ್ತಿಕೆಯೂ ತಪ್ಪಿದರೆ ಸಸಿ ಮಡಿಯಲ್ಲೇ ಬಲಿಯುತ್ತದೆ. ಗೊಬ್ಬರಕ್ಕೆಂದು, ಸೊಪ್ಪು ಹದಮಾಡುವ ಬ್ಯಾರನ್ನಿಗೆಂದು ತಂದ ಸಾಲದ ಬಡ್ಡಿ ಮಾತ್ರ ಮಳೆಗೆ ಕಾಯುವುದಿಲ್ಲ. ಸೊಪ್ಪು ಕಿತ್ತ ಹೊಲಕ್ಕೆ ರಾಗಿ ಬೀಳುವುದೂ ತಡವಾಗುತ್ತದೆ. ಧಾನ್ಯಕ್ಕೆಂದು ಕಟ್ಟಿದ ಮಾತು ಹೀಗೆ ಹಣದ ಬೆಳೆಯ ಮೇಲೂ ಪಾರುಪತ್ಯ ನಡೆಸಿದೆ.

ಹವಾಮಾನ ಇಲಾಖೆಯ ಮುನ್ಸೂಚನೆ ಈಗ ಮೊಬೈಲಿಗೇ ಬರುತ್ತದೆ. ಆದರೂ ಊರಿನ ಹಿರಿಯರಿಗೆ ಅದು ‘ಮೇ ಮೊದಲ ವಾರದ ಮಳೆ’ಯಲ್ಲ. ಅವರು ಕೇಳುವುದು, ‘ಭರಣಿ ಹುಯ್ತಾ?’